ಎತ್ತು ಈದದ ಅಂದ್ರ ಕೊಟ್ಟಗ್ಯಾಗ ಕಟ್ಟು ಅಂದ್ರಂತ: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಹತ್ತನೇತ್ತ ಓದೋ ಹುಡುಗರು ಗಾದೆ ವಿಸ್ತರಣೆ ಬರಿಯಾಕ ಕೇಳ್ತಾರ, ಬೆಂಗಳೂರು ಕಡಿ ಇರೋ ದೋಸ್ತರು ನಮ್ಮ ಮಾತು ಕೇಳಿ ಇದೇನ್ರೀ ಇದು ಅಂತ ಕೇಳ್ತಾರ, ಮನ್ಯಾಗ ಹೊಸದಾಗಿ ಬಂದ ಸೊಸಿ ಕೇಳ್ತಾಳ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳಿ ಸಾಕಾಗ್ಯದ, ಅದಕ್ಕ ಒಂದೇ ಕಡಿ ಬರದಿಟ್ಟೀನಿ. ನಾ ಕಲಬುರಗಿ ಜಿಲ್ಲಾದಾಂವ, ಸೇಡಂ ಕಡಿ ಹಳ್ಳಿ, ಹಿಂಗಾಗಿ ಮಾತು ನಮ್ಮ ಕಡಿದೇ ಇರ್ತದ.

ಗಾದೆ ಸರಿಯಾಗಿ ಹ್ಯಾಂಗ ಅದ? ಒಬ್ಬೊಬ್ಬರು ಒಂದೊಂದು ಥರ ಅಂತಾರಲ್ಲ?

ಪುಸ್ತಕದಾಗ "ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ" ಅಂತ ಇರ್ತದ. ನಮ್ಮ ಕಡಿ "ಎತ್ತು ಈದದ ಅಂದ್ರ ಕೊಟ್ಟಗ್ಯಾಗ ಕಟ್ಟು ಅಂದ್ರಂತ". ಕೆಲವರು "ಕರಾ ಕಟ್ಟು ಅಂದ್ರಂತ" ಅಂತ ಕರುವಿನ ಹೆಸರು ಬಿಡಿಸಿ ಹೇಳ್ತಾರ. ಯಾವ್ದೂ ತಪ್ಪಲ್ಲ, ಬಾಯಿಂದ ಬಾಯಿಗೆ ಬಂದ ಮಾತಿಗೆ ಇದೇ ಸರಿ ಅಂತ ಒಂದು ಅಚ್ಚು ಇರಂಗಿಲ್ಲ.

ಅರ್ಥ ಏನ್ರಿ?

ಎತ್ತು ಅಂದ್ರ ಬೀಜ ಒಡಿಸಿದ ಗಂಡು ದನ, ಉಳಿಮಿಗೆ, ಗಾಡಿಗೆ ಹೂಡೋದು. ಈಯೋದು ಅಂದ್ರ ದನ ಕರು ಹಾಕೋದು. ಮನುಷ್ಯಾರಿಗೆ ಹಡಿಯೋದು ಅಂತೀವಿ, ಆಡು ಕುರಿಗೆ ಮರಿ ಹಾಕೋದು ಅಂತೀವಿ, ಆಕಳ ಎಮ್ಮಿಗೆ ಈಯೋದು. ಯಾರೋ ಒಬ್ಬ ಓಡಿ ಬಂದು "ನಿಮ್ಮ ಎತ್ತು ಈದದ" ಅಂದ. ಕೇಳಿದಾಂವ ಕೂತಲ್ಲಿಂದ ಏಳಲಿಲ್ಲ, "ಹೌದೇನು, ಕರಾ ಕೊಟ್ಟಗ್ಯಾಗ ಕಟ್ಟು" ಅಂದ. ಅಷ್ಟೇ ಕಥಿ. ಹೇಳಿದ್ದು ಆಗೋ ಮಾತಾ, ಆಗದ ಮಾತಾ ಅಂತ ಒಂದು ಗಳಿಗಿ ವಿಚಾರ ಮಾಡದೇ ಮುಂದಿನ ಕೆಲಸಕ್ಕ ಕೈ ಹಚ್ಚೋರಿಗೆ ಈ ಮಾತು ಹೇಳ್ತಾರ.

ಭಾಳ ಮಂದಿ ಇದನ್ನ "ದಡ್ಡರಿಗೆ ಹೇಳೋ ಗಾದೆ" ಅಂತ ತಿಳಕೊಂಡಾರ, ನಾ ಒಪ್ಪಂಗಿಲ್ಲ. ಯಾಕಂದ್ರ ನೋಡ್ರಿ, ಆ ಮನಿ ಯಜಮಾನಗ ಎತ್ತು ಈಯಂಗಿಲ್ಲ ಅನ್ನೋದು ಗೊತ್ತಿಲ್ಲೇನು? ಹುಟ್ಟಿದಾಗಿಂದ ದನದ ಜೋಡಿ ಬೆಳದಾಂವ, ಆ ಎತ್ತು ಸಂತ್ಯಾಗ ಹಲ್ಲು ನೋಡಿ ತಂದಾಂವ ಅವನೇ, ಅದರ ಬೀಜ ಒಡಿಸಿದ್ದು ಅವನ ಕಣ್ಣ ಮುಂದೇ ಇರಬಹುದು. ಅವಗ ಎಲ್ಲಾ ಗೊತ್ತದ. ಗೊತ್ತಿದ್ದದ್ದು ಆ ಹೊತ್ತಿಗೆ ಕೆಲಸಕ್ಕ ಬರಲಿಲ್ಲ, ಅದೇ ಈ ಗಾದೆ ಹೇಳೋದು. ತಿಳುವಳಿಕಿ ಇಲ್ಲದವರ ಬಗ್ಗೆ ಅಲ್ಲ, ಇದ್ದ ತಿಳುವಳಿಕಿ ಬಳಸದವರ ಬಗ್ಗೆ. ಹಿಂಗಾಗಿ ಎಂ.ಎ. ಓದಿದವರಿಗೂ ಬರ್ತದ ಇದು, ಡಾಕ್ಟರಿಗೂ ಬರ್ತದ, ನನಗೂ ನಿಮಗೂ ಬರ್ತದ.

ಇನ್ನೊಂದು ಸಣ್ಣ ವಿಷಯ, "ಕಟ್ಟು" ಅನ್ನೋ ಶಬ್ದ. "ಕಟ್ತೀನಿ" ಅನ್ನಲಿಲ್ಲ ಅಂವ, "ನಡಿ ನೋಡೋಣು" ಅನ್ನಲಿಲ್ಲ, "ಕಟ್ಟು" ಅಂತ ಇನ್ನೊಬ್ಬಗ ಹುಕುಂ ಮಾಡಿದ. ತಾನೇ ಎದ್ದು ಕೊಟ್ಟಗಿ ತನಕ ಹೋಗಿದ್ರ ಹತ್ತು ಹೆಜ್ಜಿನಾಗ ಖರೇ ಸುಳ್ಳು ತಿಳೀತಿತ್ತು. ಕೇಳಿದ್ದನ್ನ ಹಂಗೇ ಮುಂದಿನವನ ಕೈಯಾಗ ದಾಟಿಸಿ, ಹಗ್ಗ ಹಿಡಕೊಂಡು ಹೋಗೋ ಶ್ರಮ ಅವನ ತಲಿಗೆ ಹಾಕಿದ.

ಎತ್ತೇ ಯಾಕ? ಹೋರಿ ಅಂದಿದ್ರೂ ನಡೀತಿತ್ತಲ್ಲ?

ಹೋರಿ ಗಂಡೇ, ಖರೆ, ಆದರ ಹೋರಿಯಿಂದ ಆಕಳಿಗೆ ಕರು ಆಗ್ತದ, ಹುಟ್ಟಿಗೆ ಅದಕ್ಕೂ ಒಂದು ಸಂಬಂಧ ಅದ. ಎತ್ತಿಗೆ ಅದೂ ಇಲ್ಲ. ಗಂಡು ಅನ್ನೋದು ಒಂದು, ಬೀಜ ಒಡಿಸಿದ್ದು ಅನ್ನೋದು ಇನ್ನೊಂದು, ಎರಡು ಕಡಿಯಿಂದ ಆಗದ ಮಾತು ಆರಿಸಿ ತಗೊಂಡಾರ ಹಿರಿಯರು.

ಅಲ್ದೇ ಆಕಳ ಆಗಲಿ ಎಮ್ಮಿ ಆಗಲಿ ಈಯೋದು ದಿಢೀರ್ ಆಗೋ ಕೆಲಸ ಅಲ್ಲ. ಆಕಳ ಹೊಟ್ಟ್ಯಾಗ ಕರು ಸುಮಾರು 280 ದಿನ ಇರ್ತದ, ಎಮ್ಮಿಗೆ ಹತ್ತು ತಿಂಗಳ ಮ್ಯಾಲ. ಅಷ್ಟು ದಿನ ಮನ್ಯಾಗಿನ ಎಲ್ಲಾರ ಕಣ್ಣಿಗೂ ಅದು ಗಬ್ಬ ಆಗಿದ್ದು ಕಾಣ್ತಿರ್ತದ, ಕೆಚ್ಚಲು ಇಳೀತದ, ಇವತ್ತು ನಾಳಿ ಅಂತ ರಾತ್ರಿ ಎದ್ದು ನೋಡ್ತಾರ. ಅಂದ್ರ ಯಾರಾದರೂ ಬಂದು "ಈದದ" ಅಂದಾಗ ಅದಕ್ಕ ಹಿಂದಿನ ತಿಂಗಳುಗಳ ಲೆಕ್ಕ ಮನ್ಯಾಗ ಇರಲೇಬೇಕು. ಈ ಸುದ್ದಿಗೆ ಹಿಂದೂ ಇಲ್ಲ ಮುಂದೂ ಇಲ್ಲ. ಹಿಂದು ಮುಂದು ಇಲ್ಲದೇ ಬರೋ ಸುದ್ದಿನೇ ಮೊದಲು ನೋಡಬೇಕಾದ್ದು ಅಂತ ನನಗ ಅನಿಸ್ತದ.

ಈ ಗಾದೆ ಹುಟ್ಟಿದ್ದು ಎಲ್ಲಿ, ಯಾರು ಮಾಡಿದ್ದು?

ಒಬ್ಬ ಕವಿ ಬರದದ್ದಲ್ಲ, ಒಂದು ಊರಿನದೂ ಅಲ್ಲ, ಒಕ್ಕಲುತನದ ಮನ್ಯಾಗ ಹುಟ್ಟಿದ ಮಾತು. ನಮ್ಮ ಸೇಡಂ, ಚಿಂಚೋಳಿ, ಗುರುಮಠಕಲ್ ಕಡಿ ಗಡಿ ದಾಟಿದ್ರ ತೆಲಂಗಾಣ, ಅಲ್ಲಿ ತೆಲುಗಿನಾಗ ಇದೇ ಗಾದೆ ಎದ್ದು, ಈನಿಂದಿ ಅನ್ನೋ ಶಬ್ದಗಳ ಜೋಡಿನೇ ಹೇಳ್ತಾರ, ಎತ್ತು ಈದದ ಅಂದ್ರ ಕರು ಕಟ್ಟು ಅಂದಂಗ ಅಂತ. ಮಲಯಾಳದಾಗ ಹೋರಿ ಹಡದದ ಅಂತ ಕೇಳಿದ ಕೂಡ್ಲೇ ಹಗ್ಗ ತಗೊಂಡ ಅಂತ ಅದ. ಅಲ್ಲಿ ಕೊಟ್ಟಗಿ ಇಲ್ಲ, ಹಗ್ಗ ಬಂದದ, ಮಿಕ್ಕಿದ್ದೆಲ್ಲ ಅದೇ. ನನಗ ಆ ಹಗ್ಗ ಭಾಳ ಸೇರ್ತದ, ಕೇಳಿದ ಮಾತು ಕಿವ್ಯಾಗ ಇಳಿಯೋದಕ್ಕ ಮೊದಲೇ ಕೈ ಹಗ್ಗಕ್ಕ ಹೋಗಿರ್ತದ.

ಶಬ್ದ ನೋಡಿದ್ರೂ ಇದು ಎಷ್ಟು ಮನಿ ಮಾತು ಅಂತ ತಿಳೀತದ. ನಮ್ಮ ಎತ್ತು, ತೆಲುಗಿನ ಎದ್ದು, ತಮಿಳಿನ ಎರುದು ಒಂದೇ ಬಳಗ. ನಮ್ಮ ಈ, ತೆಲುಗು ತಮಿಳಿನ ಈನು ಒಂದೇ ಬಳಗ. ಕೊಟ್ಟಿಗೆಗೆ ತಮಿಳಿನಾಗ ಕೊಟ್ಟಿಲ್, ಕೊಟ್ಟಗೈ ಅನ್ನೋ ಬಂಧುಗಳು ಅವ. ದನ ಕಟ್ಟಿ ಬದುಕಿದ ದಕ್ಷಿಣದ ಮಂದಿ ಎಲ್ಲಾರೂ ಈ ಮಾತು ತಮ್ಮದು ಮಾಡಿಕೊಂಡಾರ.

ಕೊನಿಗೆ "ಅಂದ್ರಂತ" ಅಂತ ಯಾಕ ಬರ್ತದ?

ಒಳ್ಳೆ ಪ್ರಶ್ನೆ ಇದು, ಯಾರೋ ಒಬ್ಬ ಮಾಸ್ತರರು ಕೇಳಿದ್ದು. ಕನ್ನಡದಾಗ "ಅಂತೆ" (ನಮ್ಮ ಕಡಿ ಬರೇ "ಅಂತ") ಹಚ್ಚಿದ್ರ ನಾ ಕಣ್ಣಲೆ ನೋಡಿಲ್ಲ, ಕೇಳಿ ಹೇಳ್ತಿದ್ದೀನಿ ಅಂತ ಅರ್ಥ. ಮಳಿ ಬಂತು ಅಂದ್ರ ನಾ ನೋಡೀನಿ, ಮಳಿ ಬಂತಂತ ಅಂದ್ರ ಯಾರೋ ಹೇಳಿದ್ರು. ಒಂದು ಸಣ್ಣ ತುಣುಕಿನಾಗ ಎಷ್ಟು ಪ್ರಾಮಾಣಿಕತೆ ಅದ ನೋಡ್ರಿ, ಹೇಳೋನು ತನ್ನ ಸುದ್ದಿ ಎಲ್ಲಿಂದ ಬಂತು ಅನ್ನೋದನ್ನ ಕ್ರಿಯಾಪದದಾಗೇ ಇಟ್ಟು ಕೊಡ್ತಾನ. ನಮ್ಮ ಅಜ್ಜಿ ಇದರಾಗ ಭಾಳ ಕಟ್ಟುನಿಟ್ಟು, ತಾನು ನೋಡದ್ದಕ್ಕ "ಅಂತ" ಬಿಟ್ಟು ಎಂದೂ ಹೇಳಿದಾಕಿ ಅಲ್ಲ. ಈಗ ಮೊಬೈಲ್ನ್ಯಾಗ ಬರೋ ಮೆಸೇಜ್ ನೋಡ್ರಿ, ಒಂದರಾಗೂ "ಅಂತೆ" ಇರಂಗಿಲ್ಲ, ಎಲ್ಲಾ ಕಣ್ಣಲೆ ಕಂಡವರು ಬರದಂಗೇ ಇರ್ತಾವ.

"ನೀರಾಗಿನ ಎಮ್ಮಿ ವ್ಯಾಪಾರ" ಅಂತಾರಲ್ಲ, ಅದೂ ಇದೇ ಅಲ್ಲೇನು?

ಅಲ್ಲ, ಇಲ್ಲೇ ಮಂದಿ ಎರಡನ್ನೂ ಕಲಸ್ತಾರ. ಎಮ್ಮಿ ಕೆರ್ಯಾಗ ಮುಳುಗಿ ಕೂತದ, ಬರೇ ತಲಿ ಕೋಡು ಕಾಣ್ತದ, ದಡದ ಮ್ಯಾಲ ನಿಂತು ರೇಟ್ ಮಾತಾಡ್ತಾರ. ಅದರ ಕಾಲು ಕುಂಟಾ, ಕೆಚ್ಚಲಕ್ಕ ಬಾವು ಅದನಾ, ಒಂದೂ ಕಾಣಂಗಿಲ್ಲ. ಅಲ್ಲಿ ತಪ್ಪು ಏನಂದ್ರ ನೋಡಾಕ ಆಗದ ವಸ್ತುಕ್ಕ ರೊಕ್ಕ ಕೊಡೋದು. ಎಮ್ಮಿ ಇರೋದು ಖರೆ, ಚೊಲೋ ಎಮ್ಮಿನೂ ಇರಬಹುದು, ನೀರಿಂದ ಎಬ್ಬಿಸಿದ್ರ ತಿಳೀತದ. ಎತ್ತಿನ ಗಾದ್ಯಾಗ ಎಬ್ಬಿಸಿ ನೋಡೋ ಜರೂರತ್ತೇ ಇಲ್ಲ, ಕೂತಲ್ಲೇ ಸುಳ್ಳು ಅಂತ ಹೇಳಬಹುದು.

ಹಿಂಗಾಗಿ ಪ್ಲಾಟ್ ನೋಡದೇ, ಪಹಣಿ ತೆಗಿಸದೇ, ಋಣಭಾರ ಪತ್ರ ತೆಗಿಸದೇ ಅಡ್ವಾನ್ಸ್ ಕೊಟ್ಟವರಿಗೆ ನೀರಾಗಿನ ಎಮ್ಮಿ ಗಾದೆ ಸರಿಹೋಗ್ತದ. ಮೂರು ತಿಂಗಳದಾಗ ರೊಕ್ಕ ಡಬಲ್ ಮಾಡಿ ಕೊಡ್ತೀವಿ ಅಂದವರಿಗೆ ಕೊಟ್ಟವರಿಗೆ ಎತ್ತಿನ ಗಾದೆ.

ದನದ ಸಂತಿಗೆ ಹೋದವರಿಗೆ ಗೊತ್ತು, ಅಲ್ಲಿ ಯಾರೂ ಬಾಯಿ ಮಾತಿನ ಮ್ಯಾಲ ದನ ಹಿಡಿಯಂಗಿಲ್ಲ. ಮೊದಲು ಬಾಯಿ ತೆಗಿಸಿ ಹಲ್ಲು ನೋಡ್ತಾರ, ಎರಡು ಹಲ್ಲಿಂದಾ, ನಾಕು ಹಲ್ಲಿಂದಾ, ಬಾಯಿಗೂಡಿದ್ದಾ ಅಂತ. ದನಕ್ಕ ಮ್ಯಾಲಿನ ಮುಂದಿನ ಹಲ್ಲು ಇರಂಗಿಲ್ಲ, ಕೆಳಗಿನ ಎಂಟೇ ನೋಡೋದು, ಆ ಎಂಟು ಹಾಲುಹಲ್ಲು ಬಿದ್ದು ಜೋಡಿ ಜೋಡಿ ಹೊಸಾವು ಬರ್ತಾವ, ಅದರ ಮ್ಯಾಲ ವಯಸ್ಸು ಹೇಳ್ತಾರ. ಆಮ್ಯಾಲ ನಡಿಸಿ ನೋಡ್ತಾರ, ಸುಳಿ ನೋಡ್ತಾರ, ಗೊರಸು ನೋಡ್ತಾರ, ಕೊನಿಗೆ ದಲಾಲಿ ಟವೆಲ್ ಕೆಳಗ ಕೈ ಹಾಕಿ ಬೆರಳು ಒತ್ತಿ ರೇಟ್ ಹೇಳ್ತಾನ. ರೇಟ್ ಗುಟ್ಟು, ದನ ಗುಟ್ಟಲ್ಲ. ಬೀದರ್ ಕಡಿ ದೇವಣಿ ತಳಿ ಎತ್ತು ಹಿಡಿಯೋ ಒಕ್ಕಲಿಗರು ಮುಂಜಾನಿಂದ ಸಂಜಿ ತನಕ ಒಂದೇ ಜೋಡಿ ಸುತ್ತ ತಿರುಗ್ತಾರ. ಇಷ್ಟು ಹುಷಾರ್ ಇರೋ ಮಂದಿ ಮಾಡಿದ ಗಾದೆ ಇದು ಅನ್ನೋದು ಮರೀಬ್ಯಾಡ್ರಿ.

ಇಂಗ್ಲಿಷಿನಾಗ ಇದಕ್ಕ ಏನಂತಾರ?

ಎಲ್ಲಾರೂ "ಪಿಗ್ ಇನ್ ಅ ಪೋಕ್" ಅಂತ ಬರೀತಾರ. ಪೋಕ್ ಅಂದ್ರ ಚೀಲ, ಪಾಕೆಟ್ ಅನ್ನೋ ಶಬ್ದನೂ ಅದರ ಮನಿದೇ. ಸಂತ್ಯಾಗ ಹಂದಿಮರಿ ಅಂತ ಬಾಯಿ ಕಟ್ಟಿದ ಚೀಲ ಮಾರೋದು, ಬಿಚ್ಚಿ ನೋಡದೇ ಕೊಂಡಾಂವ ಮನಿಗೆ ಹೋಗಿ ನೋಡಿದ್ರ ಒಳಗ ಬ್ಯಾರೆ ಏನೋ ಇರೋದು. 1546ರ ಇಂಗ್ಲಿಷ್ ಗಾದೆ ಸಂಗ್ರಹದಾಗೇ ಈ ಮಾತು ಅದ. ಜರ್ಮನ್, ಫ್ರೆಂಚ್ ಮಂದಿ ಹಂದಿ ಬಿಟ್ಟು ಚೀಲದಾಗಿನ ಬೆಕ್ಕು ಅಂತಾರ. ಆದರ ಇದು ನಮ್ಮ ನೀರಾಗಿನ ಎಮ್ಮಿ ಜೋಡಿ, ಎತ್ತಿನ ಜೋಡಿ ಅಲ್ಲ. ಟ್ರಾನ್ಸ್‌ಲೇಶನ್ ಮಾಡೋರು ದಯಮಾಡಿ ಇದನ್ನ ನೋಡಿಕೊಳ್ರಿ, ಎತ್ತಿನ ಗಾದೆಗೆ ಹಂದಿಮರಿ ಹಾಕಿದ್ರ ಅರ್ಥ ಬ್ಯಾರೆನೇ ಆಗ್ತದ.

ರಷ್ಯನ್ನರದು ಒಂದದ, ನಂಬು ಆದರ ಪರೀಕ್ಷೆ ಮಾಡು ಅಂತ. 1987ರ ಡಿಸೆಂಬರ್ 8ಕ್ಕ ಅಮೆರಿಕದ ಅಧ್ಯಕ್ಷ ರೇಗನ್, ಸೋವಿಯತ್ ನಾಯಕ ಗೋರ್ಬಚೇವ್ ಇಬ್ಬರೂ ಕ್ಷಿಪಣಿ ಕಡಿಮಿ ಮಾಡೋ ಒಪ್ಪಂದಕ್ಕ ಸಹಿ ಹಾಕಿದಾಗ ರೇಗನ್ ಅದನ್ನ ರಷ್ಯನ್ ಭಾಷಾದಾಗೇ ಹೇಳಿದ್ರು. ನಮ್ಮಲ್ಲಿ ಅದಕ್ಕ ಸರಿಯಾಗಿ ಕೂಡೋದು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು". ನಮ್ಮದು ಇನ್ನೊಂದು ಹೆಜ್ಜಿ ಮುಂದೇ ಅದ, ಕೇಳಿದ್ದು ಬಿಡ್ರಿ, ಕಣ್ಣಲೆ ಕಂಡದ್ದನ್ನೂ ಪರೀಕ್ಷೆ ಮಾಡು ಅಂತದ.

ನಮ್ಮ ಊರಾಗ ಉರ್ದು ಮಾತಾಡೋರು "ಕವ್ವಾ ಕಾನ್ ಲೇಗಯಾ" ಅಂತಾರ, ಅದು?

ಅದು ಎತ್ತಿನ ಗಾದೆಗೆ ಖಾಸ್ ತಮ್ಮ. ಕಾಗಿ ನಿನ್ನ ಕಿವಿ ಒಯ್ತು ಅಂದ್ರ ಕಿವಿ ಮುಟ್ಟಿ ನೋಡ್ಕೊಳ್ಳದೇ ಕಾಗಿ ಬೆನ್ನು ಹತ್ತಿ ಓಡಿದ ಅಂತ. ಇಲ್ಲೂ ಅದೇ, ಪುರಾವೆ ದೂರ ಎಲ್ಲೂ ಇಲ್ಲ, ತಲಿ ಮಗ್ಗಲದಾಗೇ ಅದ, ಕೈ ಎತ್ತಿದ್ರ ಮುಗೀತು. ಕಲಬುರಗಿಯಾಗ ಒಂದೇ ಚಾ ಅಂಗಡಿ ಕಟ್ಟಿ ಮ್ಯಾಲ ಎರಡೂ ಗಾದೆ ಕೇಳಬಹುದು, ಒಬ್ಬರು ಎತ್ತು ಅಂತಾರ, ಮಗ್ಗಲದಾಂವ ಕವ್ವಾ ಅಂತಾನ, ಇಬ್ಬರಿಗೂ ಇಬ್ಬರ ಮಾತು ತಿಳೀತದ. ನಮ್ಮ ಕಡಿ ಇರೋದರ ಸುಖ ಇದು.

ಹಿರಿಯರ ಎದುರು ಈ ಗಾದೆ ಅನ್ನಬಹುದೇನು?

ಎದುರಿಗೆ ಅನ್ನಬ್ಯಾಡ್ರಿ. ಸಮವಯಸ್ಕರಿಗೆ, ತಮ್ಮಗ, ಮಗಗ ಅನ್ನಬಹುದು. ಹಿರಿಯರು ತಾವೇ ತಮಗ ಅಂದುಕೊಳ್ತಾರ, "ನಾನೂ ಎತ್ತು ಈದದ ಅಂದ್ರ ಕಟ್ಟು ಅಂದಂಗ ಮಾಡಿಬಿಟ್ಟೆ ನೋಡಪಾ" ಅಂತ. ದೊಡ್ಡವರಿಗೆ ತಿಳಿಸಬೇಕಂದ್ರ "ಕಾಕಾ, ಒಂದ್ಸಲ ವಿಚಾರಿಸಿ ನೋಡೋಣ್ರಿ" ಅಂದ್ರ ಸಾಕು.

ಇದು ಬರೇ ನಗೋ ಮಾತು, ಇಷ್ಟು ಗಂಭೀರ ಯಾಕ ಮಾಡ್ತೀರಿ?

ನಗೋ ಮಾತಾಗೇ ಇತ್ತು, 2018ರ ತನಕ ನಾನೂ ನಗ್ತಿದ್ದೆ.

ಆ ವರ್ಷ ಮಕ್ಕಳ ಕಳ್ಳರು ಬಂದಾರ, ಮಕ್ಕಳನ್ನ ಎತ್ತಿಕೊಂಡು ಹೋಗ್ತಾರ ಅಂತ ವಾಟ್ಸಾಪಿನಾಗ ದೇಶದ ತುಂಬ ಮೆಸೇಜ್, ವಿಡಿಯೋ ಓಡಾಡಿದವು. ನಮ್ಮ ಊರಿನ ಗ್ರೂಪಿಗೂ ಬಂದಿದ್ವು, ಮನಿ ಮನ್ಯಾಗ ಮಕ್ಕಳನ್ನ ಹೊರಗ ಬಿಡ್ತಿದ್ದಿಲ್ಲ. ಜುಲೈ 13ಕ್ಕ ಬೀದರ್ ಜಿಲ್ಲಾದ ಮುರ್ಕಿ ಊರ ಹಂತೇಲಿ ಹೈದರಾಬಾದಿನಿಂದ ಬಂದಿದ್ದ ಯುವಕರನ್ನ ಮಂದಿ ಸೇರಿ ಹೊಡದ್ರು. ಅವರು ತಮ್ಮ ದೋಸ್ತನ ಊರಿಗೆ ಅಂತ ಬಂದವರು, ದಾರ್ಯಾಗ ಸಾಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ರು. ಅಷ್ಟೇ. ಮಕ್ಕಳ ಕಳ್ಳರು ಅಂತ ಸುದ್ದಿ ಅವರ ಕಾರಿಗಿಂತ ಮುಂದ ಓಡ್ತು, ಮುಂದಿನ ಊರಾಗ ಮಂದಿ ಕಾದು ನಿಂತ್ರು. ಅವರೊಳಗ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ, ಉಳಿದವರಿಗೆ ಭಾಳ ಪೆಟ್ಟಾದವು, ಬಿಡಿಸಾಕ ಹೋದ ಪೊಲೀಸರಿಗೂ ಬಿದ್ದವು.

ಆ ಊರಿನ ಮಂದಿ ಕೆಟ್ಟವರು ಅಂತ ನಾ ಹೇಳಂಗಿಲ್ಲ, ಹಂಗ ಹೇಳಿದ್ರ ನಾ ಈ ಗಾದೆ ತಿಳಕೊಂಡಿಲ್ಲ ಅಂತ ಆಗ್ತದ. ಆ ಕಡಿ ಊರುಗಳಾಗ ದಾರಿ ಹೋಕರಿಗೆ ನೀರು ಕೊಟ್ಟು ಕೂಡಿಸೋ ಮಂದಿನೇ ಇರೋದು. ಮಗೂಗ ಚಾಕಲೇಟ್ ಕೊಡೋದು ಏನು ಅಂತ ಅವರಿಗೆ ಗೊತ್ತಿರಲಿಲ್ಲೇನು, ಜಾತ್ರಿಗೆ ಹೋದ್ರ ತಾವೂ ಕೊಡ್ತಾರ. ಗೊತ್ತಿದ್ದದ್ದು ಆ ಹೊತ್ತಿಗೆ ಕೆಲಸಕ್ಕ ಬರಲಿಲ್ಲ. ಒಬ್ಬ ಅಂದ, ಇನ್ನೊಬ್ಬ ದಾಟಿಸಿದ, ಮೂರನೆಯಾಂವ ಹಗ್ಗ ತಗೊಂಡ. ಆ ಸುದ್ದಿ ಓದಿದ ದಿನ ರಾತ್ರಿ ನನಗ ನಿದ್ದಿ ಬರಲಿಲ್ಲ, ಯಾಕಂದ್ರ ಆ ಥರದ್ದೇ ಒಂದು ವಿಡಿಯೋ ವಾರದ ಹಿಂದ ನಾನೂ ನಮ್ಮ ಅಕ್ಕಾಗ ಕಳಿಸಿದ್ದೆ, ಹುಡುಗರನ್ನ ಜ್ವಾಪಾನ ನೋಡ್ಕೋ ಅಂತ.

ಅದೇ ತಿಂಗಳು ವಾಟ್ಸಾಪ್ ಭಾರತದಾಗ ಒಂದು ಮೆಸೇಜ್ ಒಂದೇ ಸಲಕ್ಕ ಐದು ಚಾಟಿಗಿಂತ ಹೆಚ್ಚಿಗೆ ಫಾರ್ವರ್ಡ್ ಆಗದಂಗ ಮಾಡ್ತೀವಿ ಅಂತು. 2020ರ ಏಪ್ರಿಲ್‌ನಾಗ, ಭಾಳ ಸಲ ಫಾರ್ವರ್ಡ್ ಆಗಿ ಬಂದ ಮೆಸೇಜ್ ಒಂದು ಸಲಕ್ಕ ಒಂದೇ ಚಾಟಿಗೆ ಅಂತ ಮಾಡಿದ್ರು. ಮೆಸೇಜ್ ಮ್ಯಾಲ ಎರಡು ಬಾಣದ ಗುರುತು ಇರ್ತದಲ್ಲ, ಅದು ಅಂಥದ್ದು. ಆ ಎರಡು ಬಾಣ ನೋಡಿದ್ರ ನಮ್ಮ ಅಜ್ಜಿ "ಅಂತ" ನೆನಪಾಗ್ತದ ನನಗ.

ಹಂಗಂದ್ರ ಯಾರನ್ನೂ ನಂಬಬಾರದೇನ್ರಿ?

ಹಂಗ ಯಾರು ಬದುಕಾಕ ಆಗ್ತದ? ನಂಬಿಕಿ ಇಲ್ಲದೇ ನಮ್ಮ ಕಲಬುರಗಿ ಎಪಿಎಂಸಿ ಒಂದು ದಿನ ನಡಿಯಂಗಿಲ್ಲ. ತೊಗರಿ ಚೀಲ ಇಳಿಸಿ ಅಡತಿಯವನ ಕೈಯಾಗ ಬಿಟ್ಟು ರೈತ ಬಸ್ಸಿಗೆ ಹೋಗ್ತಾನ, ಮದುವಿಗೆ ರೊಕ್ಕ ಬೇಕಾದ್ರ ಅವನ ಹಂತೇಲೇ ಮುಂಗಡ ತರ್ತಾನ, ಅಪ್ಪನ ಕಾಲದಿಂದ ಅದೇ ಅಂಗಡಿ. ಅದು ಕಣ್ಣು ಮುಚ್ಚಿದ ನಂಬಿಕಿ ಅಲ್ಲ. ಇಪ್ಪತ್ತು ವರ್ಷ ತೂಕ ನೋಡಿ, ಪಟ್ಟಿ ನೋಡಿ, ಹೇಳಿದ ದಿನ ರೊಕ್ಕ ಬಂತಾ ನೋಡಿ, ಆಮ್ಯಾಲ ಬಂದದ್ದು.

ಬಂಗಾರಕ್ಕ ನಮ್ಮ ಹಿರಿಯರು ಒರೆಗಲ್ಲು ಇಟ್ಟಿದ್ರು, ಒರೆಗೆ ಹಚ್ಚಿ ನೋಡು ಅನ್ನೋ ಮಾತು ಅಲ್ಲಿಂದ ಬಂದದ್ದು. ಈಗ ಹಾಲ್‌ಮಾರ್ಕ್ ಮ್ಯಾಲ ಆರು ಅಕ್ಷರ ಅಂಕಿ ಸೇರಿದ ಒಂದು ನಂಬರ್ ಇರ್ತದ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವಿ ಮಾರಬೇಕಂದ್ರ ಅದು ಇರಲೇಬೇಕು, ಬಿಐಎಸ್ ಕೇರ್ ಅನ್ನೋ ಆ್ಯಪಿನಾಗ ಆ ನಂಬರ್ ಹಾಕಿ ನೋಡಬಹುದು. ಸರಾಫನ ಮ್ಯಾಲ ಅನುಮಾನ ಪಟ್ಟಂಗ ಆಗಂಗಿಲ್ಲ, ಚೊಲೋ ಸರಾಫ ಆದ್ರ ತಾನೇ ನೋಡ್ರಿ ಅಂತಾನ.

ಇನ್ನೊಂದು ಹೇಳ್ತೀನಿ, ನಮ್ಮ ನೆಲದ ಅಭಿಮಾನದಿಂದನೇ ಹೇಳ್ತೀನಿ. ಶಹಾಬಾದ ಹತ್ತಿರದ ಮರತೂರಿನ ವಿಜ್ಞಾನೇಶ್ವರರು, ಕಲ್ಯಾಣದ ಆರನೇ ವಿಕ್ರಮಾದಿತ್ಯನ (1076 ರಿಂದ 1126) ಕಾಲದವರು, ಮಿತಾಕ್ಷರ ಬರದ್ರು. ಯಾಜ್ಞವಲ್ಕ್ಯ ಸ್ಮೃತಿಗೆ ಬರದ ವ್ಯಾಖ್ಯಾನ ಅದು, ಬಂಗಾಲದ ಕಡಿ ಬಿಟ್ರ ದೇಶದ ಬಹುಪಾಲು ಕಡಿ ಆಸ್ತಿ ಪಾಲಿನ ನ್ಯಾಯ ಅದರ ಮ್ಯಾಲೇ ನಡೀತಿತ್ತು. ಒಂದು ಮಾತು ಖರೇನಾ ಅಂತ ತಿಳಿಯಾಕ ಅಲ್ಲಿ ಮೂರು ಪ್ರಮಾಣ ಹೇಳ್ಯಾರ, ಲಿಖಿತ, ಭುಕ್ತಿ, ಸಾಕ್ಷಿ. ಅಂದ್ರ ಬರದದ್ದು ಅದನಾ, ಅನುಭೋಗದಾಗ ಯಾರು ಇದ್ದಾರ, ಕಂಡವರು ಯಾರು. ಈ ಮೂರು ಪ್ರಶ್ನೆ ಇವತ್ತಿಗೂ ನಾ ಬಳಸ್ತೀನಿ. ಹೊಲ ಆಗಲಿ ಸುದ್ದಿ ಆಗಲಿ, ಕಾಗದ ಎಲ್ಲದ, ಈಗ ಅಲ್ಲಿ ಖರೇ ಏನು ನಡದದ, ಸ್ವಂತ ಕಣ್ಣಲೆ ಯಾರು ನೋಡ್ಯಾರ. ಒಂದಕ್ಕೂ ಉತ್ತರ ಸಿಗಲಿಲ್ಲ ಅಂದ್ರ ನಾ ಆ ಮಾತು ಮುಂದ ದಾಟಿಸಂಗಿಲ್ಲ.

ನಿಮ್ಮ ಮನ್ಯಾಗ ಹಿಂಗ ಆಗ್ಯದೇನು?

ಆಗ್ಯದ. ಒಂದು ವರ್ಷ ಜನವರಿಯಾಗ ತೊಗರಿ ರಾಶಿ ಮುಗದಿತ್ತು, ಬೆಂಬಲ ಬೆಲಿಗೆ ಕೊಡಾಕ ಹೆಸರು ನೋಂದಣಿ ಮಾಡಿಸಬೇಕಿತ್ತು. ರಾತ್ರಿ ಹತ್ತಕ್ಕ ಮೆಸೇಜ್ ಬಂತು, ನಾಳಿಗೆ ನೋಂದಣಿ ಬಂದ್, ಇನ್ನ ಮುಂದ ಖರೀದಿ ಇಲ್ಲ ಅಂತ. ಊರಾಗ ಗದ್ದಲ ಆಯ್ತು. ಮುಂಜಾನಿ ಒಬ್ಬ ವ್ಯಾಪಾರಿ ಟ್ರ್ಯಾಕ್ಟರ್ ತಗೊಂಡು ಊರಿಗೇ ಬಂದ, ನಮ್ಮಪ್ಪ 18 ಕ್ವಿಂಟಲ್ ಕೊಟ್ಟುಬಿಟ್ರು, ಕ್ವಿಂಟಲ್ಲಿಗೆ 700 ರೂಪಾಯಿ ಕಡಿಮಿ. ನೋಂದಣಿ ಆಮ್ಯಾಲನೂ ಮೂರು ವಾರ ನಡೀತು. ಸೊಸೈಟಿ ನಮ್ಮ ಮನಿಯಿಂದ ಒಂದೂವರೆ ಕಿಲೋಮೀಟರ್, ಬಾಗಿಲಿಗೆ ನೋಟಿಸ್ ಹಚ್ಚಿದ್ರು, ಕೊನೀ ತಾರೀಖು ದಪ್ಪ ಅಕ್ಷರದಾಗ ಇತ್ತು. ಹೋಗಿ ನೋಡಿ ಬರಾಕ ನಾನೇ ಇದ್ದೆ, ಗಾಡಿ ಇತ್ತು, ಪೆಟ್ರೋಲ್ ಇತ್ತು. ಅಪ್ಪ ನನಗ ಕೇಳಿದ್ರು ಸಹ, "ಖರೇ ಏನೋ ಇದು?" ಅಂತ. ಎಲ್ಲಾರೂ ಅಂತಾರಪಾ ಅಂದೆ ನಾ.

ಎಲ್ಲಾರೂ ಅಂತಾರ ಅನ್ನೋದು ಪುರಾವೆ ಅಲ್ಲ ಅಂತ ನನಗ ಆವತ್ತು ತಿಳೀತು. ಆ ಎಲ್ಲಾರಿಗೂ ಬಂದದ್ದು ಅದೇ ಒಂದು ಮೆಸೇಜ್, ಐವತ್ತು ಮಂದಿ ಬಾಯಿಂದ ಕೇಳಿದ್ರೂ ಹೇಳಿದಾಂವ ಒಬ್ಬನೇ.

ಬ್ಯಾಂಕಿನವರು, ಪೊಲೀಸರು ಅಂತ ಫೋನ್ ಬರ್ತಾವಲ್ಲ, ಅವಕ್ಕೂ ಈ ಗಾದೆ ಬರ್ತದೇನು?

ಸರಿಯಾಗಿ ಬರ್ತದ. ವಿಡಿಯೋ ಕಾಲಿನಾಗೇ ಅರೆಸ್ಟ್ ಮಾಡೀವಿ, ಮನಿ ಬಿಟ್ಟು ಹೊರಗ ಬರಬ್ಯಾಡ್ರಿ, ರೊಕ್ಕ ಹಾಕ್ರಿ ಅಂತಾರ. ಫೋನಿನಾಗ ಅರೆಸ್ಟ್ ಮಾಡೋದು ನಮ್ಮ ದೇಶದ ಕಾನೂನಿನಾಗ ಇಲ್ಲೇ ಇಲ್ಲ, ಎತ್ತು ಈಯೋದು ಎಷ್ಟು ಖರೇನೋ ಅದೂ ಅಷ್ಟೇ ಖರೆ. ಒಟಿಪಿ ಕೇಳೋ ಬ್ಯಾಂಕಿನವರೂ ಹಂಗೇ. ರೊಕ್ಕ ಹೋಗಿದ್ರ ನಾಚಿಕಿ ಪಡದೇ ಕೂಡ್ಲೇ 1930ಕ್ಕ ಫೋನ್ ಮಾಡ್ರಿ, ಎಷ್ಟು ಜಲ್ದಿ ಮಾಡ್ತೀರಿ ಅಷ್ಟು ಚೊಲೋ, ರೊಕ್ಕ ಇನ್ನೊಂದು ಖಾತೆಗೆ ದಾಟೋದಕ್ಕ ಮೊದಲು ತಡಿಯಾಕ ದಾರಿ ಇರ್ತದ.

ಪರೀಕ್ಷಾದಾಗ ಗಾದೆ ವಿಸ್ತರಣೆ ಹ್ಯಾಂಗ ಬರಿಬೇಕು?

"ಗಾದೆ ವೇದಕ್ಕೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ ಎಲ್ಲಾರೂ ಶುರು ಮಾಡ್ತೀರಿ. ಬರೀರಿ, ಬ್ಯಾಡ ಅನ್ನಂಗಿಲ್ಲ, ಆದರ ಈ ಗಾದೆಗೆ ಅದನ್ನ ಬರಿಯೋ ಮುಂಚಿ ಒಂದ್ಸಲ ವಿಚಾರ ಮಾಡ್ರಿ, ಕೇಳಿದ್ದನ್ನ ಹಂಗೇ ಒಪ್ಪಬ್ಯಾಡ ಅನ್ನೋ ಗಾದೆ ಇದು. ಮೊದಲು ಶಬ್ದದ ಅರ್ಥ ಎರಡು ಸಾಲು, ಎತ್ತು ಗಂಡು ಅಂತ ಬರಿಯೋದು ಮರೀಬ್ಯಾಡ್ರಿ. ಆಮ್ಯಾಲ ನಿಮ್ಮ ಮನ್ಯಾಗೋ ಓಣ್ಯಾಗೋ ಖರೇ ನಡದದ್ದು ಒಂದು ಉದಾಹರಣೆ ಬರೀರಿ, ಗೈಡಿನದು ಬ್ಯಾಡ. ಅದೇ ಅರ್ಥದ ಇನ್ನೊಂದು ಗಾದೆ ಬೇಕಂದ್ರ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಥವಾ "ಬೆಳ್ಳಗಿರುವುದೆಲ್ಲ ಹಾಲಲ್ಲ". ನಿಮ್ಮ ಮಾತಿನಾಗ ಬರೀರಿ, ಮಾಸ್ತರರಿಗೂ ಓದಾಕ ಖುಷಿ ಆಗ್ತದ.

ಸಣ್ಣ ಮಕ್ಕಳಿಗೆ ಹ್ಯಾಂಗ ತಿಳಿಸೋದು?

ಇದು ನನಗೇ ಬಂದ ಫಜೀತಿ. ನಮ್ಮ ಮಗಳು ನಾಕನೇತ್ತ, ಕಲಬುರಗಿ ಸಿಟ್ಯಾಗೇ ಬೆಳದಾಳ. ಗಾದೆ ಹೇಳಿದೆ, ನಗ್ತಾಳ ಅಂತ ಮಾಡಿದ್ದೆ, ನಗಲಿಲ್ಲ. "ಕಟ್ಟು ಅಂದದ್ದು ಬರೋಬ್ಬರಿ ಅದಲ್ಲಪ್ಪಾ, ಸಣ್ಣ ಕರು ಓಡಿ ಹೋಗ್ತದ" ಅಂದ್ಲು. ಎತ್ತು ಅಂದ್ರ ಏನು ಅಂತ ಆಕಿಗೆ ಗೊತ್ತಿಲ್ಲ, ನಮ್ಮ ಊರಾಗೂ ಈಗ ಟ್ರ್ಯಾಕ್ಟರೇ, ನಾ ಸಣ್ಣವ ಇದ್ದಾಗ ಓಣಿ ತುಂಬ ಇದ್ದ ಎತ್ತಿನ ಜೋಡಿ ಈಗ ಎರಡೋ ಮೂರೋ ಮನ್ಯಾಗ ಉಳದಾವ. ಎತ್ತು ಗಂಡು, ಈಯಂಗಿಲ್ಲ ಅಂತ ಹೇಳಿದೆ. ಆಕಿ ಹೂಂ ಅಂದ್ಲು. ನಾ ಹೇಳೀನಿ ಅಂತ ಒಪ್ಪಿದ್ದು ಅದು, ಆಕಿ ಮುಖ ನೋಡಿದ್ರೇ ತಿಳೀತಿತ್ತು.

ಅದಕ್ಕ ಕಾರಹುಣ್ಣಿವಿಗೆ ಊರಿಗೆ ಕರಕೊಂಡು ಹೋದೆ. ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಎತ್ತು ನಿಲ್ಲಿಸಿದ್ರು, ಮಗ್ಗಲ ಕೊಟ್ಟಗ್ಯಾಗ ಆಕಳ ಮೂರು ದಿನದ ಕರಾ ನೆಕ್ಕಿಕೋತ ನಿಂತಿತ್ತು. ಮಗಳು ಆಕಳ ಕೆಚ್ಚಲು ನೋಡಿದ್ಲು, ಬಂದು ಎತ್ತಿನ ಹೊಟ್ಟಿ ಕೆಳಗ ಬಗ್ಗಿ ನೋಡಿದ್ಲು, ಮತ್ತ ಹೋಗಿ ಆಕಳ ನೋಡಿದ್ಲು. ಆಮ್ಯಾಲ ನಮ್ಮಪ್ಪನ ಹಂತೇಲಿ ಓಡಿ ಹೋಗಿ "ಅಜ್ಜಾ, ಎತ್ತು ಈದದಂತ" ಅಂದು ಅವರ ಮುಖಾನೇ ನೋಡ್ಕೋತ ನಿಂತ್ಲು, ಏನಂತಾರ ಅಂತ.